ದೀಪಸ್ತಂಭದ ಎಡಗಡೆ

ಹೋದ ವಾರ ನನ್ನ ಫೋಟೋ ಅಂಗಡಿಗೆ ಹಳೇ ಪಂಚೆಯಲ್ಲಿ ಸುತ್ತಿದ ಒಂದು ಫೋಟೋ ಬಂತು. ಗಂಟು ಬಿಚ್ಚುವ ಮೊದಲೇ ಅಟ್ಟದ ವಾಸನೆ ಮೂಗಿಗೆ ಬಡಿಯಿತು. ನಮ್ಮ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷವೊಪ್ಪತ್ತು ಅಟ್ಟದಲ್ಲಿ ಕೂತು ಒಳಗೊಳಗೇ ಕೊಬ್ಬರಿಯಾದ ಕಾಯಿ, ಮಟ್ಟೆಯ ಧೂಳು, ಸ್ವಲ್ಪ ಎಣ್ಣೆ, ಸ್ವಲ್ಪ ಇಲಿ... ಎಲ್ಲ ಸೇರಿದ ಒಂದು ಒಣ ಸಿಹಿ ವಾಸನೆ.

ತಂದವಳು ನಾನು ಮೊದಲು ಕೆಲಸಕ್ಕಿದ್ದ ಸ್ಟುಡಿಯೋದ ಸಾರ್ ಮಗಳು. ಅವಳನ್ನು ದಂಡಿನಶಿವರಕ್ಕೆ ಕೊಟ್ಟಿದ್ದಾರೆ. ಬಿಳಿಗೆರೆಯ ತವರುಮನೆಯಲ್ಲಿ ಈಗ ಚಿಕ್ಕಪ್ಪನ ಸಂಸಾರ ಇದೆ. ಅಲ್ಲಿ ಅಟ್ಟದಿಂದ ಕಾಯಿ ಇಳಿಸುವಾಗ ಮೂಲೆಯಲ್ಲಿ ಇದು ಸಿಕ್ಕಿತಂತೆ.

"ನಮ್ಮಪ್ಪ ತೆಗ್ದಿದ್ದು ಕಣಕ್ಕ. ಹೊಸ ಮನೆ ಹಾಲ್‌ಗೆ ದೊಡ್ಡದು ಮಾಡಿಸ್ಬೇಕು ಅಂತ. ನೋಡಿ, ಫಂಗಸ್ ಹಿಡ್ದು ಎಲ್ಲ ಚುಕ್ಕೆ ಚುಕ್ಕೆ ಆಗೈತೆ. ನೀವಾದ್ರೆ ಕ್ಲೀನಾಗಿ ಮಾಡ್ತೀರಿ. ನಿಮ್ಮಷ್ಟು ಕ್ಲೀನಾಗಿ ತಿಪಟೂರಲ್ಲೇ ಯಾರೂ ಮಾಡಲ್ಲ ಅಂತ ಅಪ್ಪ ಹೇಳ್ತಿದ್ರು."

ಗುರುವಾರ ಬಾ ಎಂದು ಹೇಳಿ ಕಳಿಸಿದೆ. ಅವಳು ಹೋದ ಮೇಲೆ ಪಂಚೆಯನ್ನು ಪೂರ್ತಿ ಬಿಚ್ಚಿದೆ. ಹಲಗೆಗೆ ಅಂಟಿಸಿ ಲ್ಯಾಮಿನೇಷನ್ ಮಾಡಿದ ಫೋಟೋ. ಮುಕ್ಕಾಲು ಪಾಲು ಬರೀ ಆಕಾಶ, ಬಲಗಡೆ ಸಮುದ್ರದ ಒಂದು ಪಟ್ಟಿ, ಎಡಗಡೆ ಬಂಡೆಯ ಮೇಲೆ ಕಿರುಬೆರಳುದ್ದದ ದೀಪಸ್ತಂಭ. ಅದರ ತಲೆಯ ಹತ್ತಿರ ಸುತ್ತಲೂ ಕಂಬಿ ಹಾಕಿದ ಬಾಲ್ಕನಿ, ಬಾಲ್ಕನಿಯಲ್ಲಿ ರಾಗಿಕಾಳಿನಷ್ಟು ಒಂದು ಕೆಂಪು ಚುಕ್ಕೆ.

ಆ ಕೆಂಪು ಚುಕ್ಕೆ ಫಂಗಸ್ ಅಲ್ಲ. ಅದು ಅಲ್ಲಿಗೆ ಹೇಗೆ ಬಂತು ಎಂದು ಬದುಕಿರುವವರಲ್ಲಿ ಗೊತ್ತಿದ್ದುದು ನನಗೊಬ್ಬಳಿಗೇ.

ಸಾರ್ ಸ್ಟುಡಿಯೋ ಬಸ್‌ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿತ್ತು. ನಾನು ಅಲ್ಲಿಗೆ ಸೇರಿದಾಗ ನನಗೆ ಇಪ್ಪತ್ತೇಳು. ಮಗುವನ್ನು ಅಂಗನವಾಡಿಗೆ ಬಿಟ್ಟು ಹಾಲ್ಕುರಿಕೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿದ್ದೆ ಎನ್ನುವುದು ಬಿಟ್ಟರೆ ಫೋಟೋ ಬಗ್ಗೆ ಏನೂ ಗೊತ್ತಿರಲಿಲ್ಲ. ಆದರೆ ನನಗೆ ಕೊಳೆ ಕಂಡರೆ ಆಗುವುದಿಲ್ಲ. ಈಗಲೂ ಅಷ್ಟೇ, ಬೇರೆಯವರ ಮನೆಗೆ ಹೋದರೂ ಕಿಟಕಿಯ ಧೂಳು ಒರೆಸಿ ಬರುವ ಜಾತಿ. ಆ ಬುದ್ಧಿ ಸ್ಟುಡಿಯೋ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಮದುಮಗಳ ಮೊಡವೆ, ಮಂಟಪದ ಹಿಂದೆ ಹಾದುಹೋದ ವೈರು, ಮುಹೂರ್ತದ ಹೊತ್ತಿಗೆ ಸರಿಯಾಗಿ ಆಕಳಿಸಿದ ದೊಡ್ಡಪ್ಪ, ಎಲ್ಲವನ್ನೂ ಒರೆಸಿ ಹಾಕುತ್ತಿದ್ದೆ.

ಯಾರಾದರೂ ತೀರಿಕೊಂಡರೆ ಶಿವಗಣಾರಾಧನೆಗೆ ಮುಂಚೆ ಮನೆಯವರು ರೇಷನ್ ಕಾರ್ಡೋ, ಯಾವುದೋ ಗುಂಪಿನ ಫೋಟೋವೋ ಹಿಡಿದು ಬರುತ್ತಿದ್ದರು. ಅದರಿಂದ ಮುಖ ಕತ್ತರಿಸಿ, ಬಿಳಿ ಅಂಗಿ ತೊಡಿಸಿ, ಹಿಂದೆ ನೀಲಿ ಬಣ್ಣ ಬಿಟ್ಟು, ಹಣೆಗೆ ವಿಭೂತಿ ಎಳೆಯುವುದು ನನ್ನ ಕೆಲಸ. ಬದುಕಿರುವ ತನಕ ಒಂದು ದಿನವೂ ವಿಭೂತಿ ಮುಟ್ಟದವರಿಗೂ ನನ್ನ ಮೌಸಿನಿಂದ ಮೂರು ಪಟ್ಟೆ ಬಿದ್ದಿವೆ.

ಸಾರ್ ಇದನ್ನೆಲ್ಲ ನನ್ನ ಪಾಲಿಗೆ ಬಿಟ್ಟಿದ್ದರು. ಅವರ ಜೀವ ಇದ್ದದ್ದು ಬೇರೆ ಕಡೆ. ವರ್ಷಕ್ಕೊಮ್ಮೆ ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೋಗುತ್ತಿದ್ದರು. ದರ್ಶನ ಮುಗಿಸಿ, ಉಡುಪಿ ದಾಟಿ, ಕಾಪುವಿನ ದೀಪಸ್ತಂಭದ ಹತ್ತಿರ ವ್ಯಾನ್ ನಿಲ್ಲಲೇಬೇಕು. ಇಪ್ಪತ್ತು ವರ್ಷದಿಂದ ಅದೇ ದೀಪಸ್ತಂಭ. ಮೊದಲು ರೀಲಿನಲ್ಲಿ, ಆಮೇಲೆ ಡಿಜಿಟಲ್‌ನಲ್ಲಿ. ಸಮುದ್ರವೇ ಇಲ್ಲದ ಊರಿನಲ್ಲಿ, ಕೊಬ್ಬರಿ ಮೂಟೆಗಳ ನಡುವೆ ಕೂತು, ಈ ಮನುಷ್ಯನಿಗೆ ದೀಪಸ್ತಂಭದ ಹುಚ್ಚು ಯಾಕೆ ಹತ್ತಿತೋ. ಒಂದು ಸಲ ಕೇಳಿಯೇಬಿಟ್ಟೆ.

"ಮದ್ವೆ ಫೋಟೋದಲ್ಲಿ ಎಲ್ಲಾರೂ ನನ್ ಮುಖ ಬತ್ತೋ ಇಲ್ವೋ ಅಂತ ನುಗ್ತಾರೆ ಕಣಮ್ಮ. ಇದೊಂದು ಸುಮ್ನೆ ನಿಂತಿರುತ್ತೆ" ಎಂದರು.

ಫೋಟೋದಲ್ಲಿ ಯಾವುದು ಎಲ್ಲಿರಬೇಕು ಎನ್ನುವುದನ್ನು ಅವರು ನನಗೆ ಕಲಿಸಿದ್ದು ತೆಂಗಿನಮರ ಇಟ್ಟುಕೊಂಡು. ಬಿಳಿಗೆರೆಯ ತೋಟದಲ್ಲಿ ಕಾಯಿ ಕೀಳುವ ದಿನ ನನ್ನನ್ನು ಕರೆದುಕೊಂಡು ಹೋಗಿ ಕ್ಯಾಮೆರಾ ಕೈಗೆ ಕೊಟ್ಟಿದ್ದರು. ನಾನು ಮರದ ಬುಡದಲ್ಲಿ ನಿಂತು ಕತ್ತೆತ್ತಿ ಕಾಯಿಗೊನೆ ತೆಗೆದೆ. ಅವರು ನೋಡಿ ತಲೆಯಲ್ಲಾಡಿಸಿದರು. ನನ್ನನ್ನು ದೂರ ಕರೆದುಕೊಂಡು ಹೋಗಿ, ಮರ ಹತ್ತುತ್ತಿದ್ದವನು ಸುಳಿಯ ಹತ್ತಿರ ಹೋಗುವ ತನಕ ಕಾಯಿಸಿ, ಈಗ ತೆಗಿ ಎಂದರು.

"ಎತ್ತರ ಗೊತ್ತಾಗ್ಬೇಕು ಅಂದ್ರೆ ಅದ್ರಲ್ಲೊಬ್ಬ ಮನುಷ್ಯ ಇರ್ಬೇಕು. ಎಷ್ಟು ಚಿಕ್ಕೋನಾದ್ರೂ ಸರಿ. ಅವ್ನು ನೋಡೋ ಕಡೆ ಜಾಗ ಬುಡು, ಆ ಜಾಗ ಅವುಂದು."

ಈ ಮಾತು ನನಗೆ ಬಾಯಿಪಾಠವಾಗಿತ್ತು. ಬಾಯಿಪಾಠವಾದದ್ದು ಕಣ್ಣಿಗೆ ಇಳಿದಿರಲಿಲ್ಲ, ಅಷ್ಟೇ.

ಸಾರ್ ಮನೆಯಾಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ತೋಟ, ಹಸು, ಅಟ್ಟ, ಕಾಯಿ ಎಲ್ಲ ಅವರ ಉಸ್ತುವಾರಿ. ಅಟ್ಟದ ಕಾಯಿ ಅಲುಗಾಡಿಸಿ, ಒಳಗೆ ಕೊಬ್ಬರಿ ಗುಡುಗುಡು ಎನ್ನುವುದನ್ನು ಕೇಳಿಯೇ ಇದು ಆಯ್ತು, ಇದು ಇನ್ನೂ ಎರಡು ತಿಂಗಳು ಎಂದು ಹೇಳುತ್ತಿದ್ದರು. ಊರಿನವರನ್ನೆಲ್ಲ ಕೂರಿಸಿ ನಿಲ್ಲಿಸಿ ಫೋಟೋ ತೆಗೆದ ಗಂಡ ತಮ್ಮ ಕಡೆ ಕ್ಯಾಮೆರಾ ತಿರುಗಿಸಿದರೆ ಸಾಕು, ಸೆರಗು ಮುಖಕ್ಕೆ ಎಳೆದುಕೊಂಡು ಒಳಗೆ ನಡೆಯುತ್ತಿದ್ದರು. "ಸುಮ್ನಿರಿ ಅತ್ಲಾಗೆ, ಕೊಟ್ಟಿಗೆಯಿಂದ ಎದ್ದು ಬಂದಿವ್ನಿ" ಎನ್ನುವುದು ಅವರ ಖಾಯಂ ಮಾತು. ಮಗಳ ಮದುವೆಯ ಫೋಟೋಗಳಲ್ಲಿ ಇದ್ದರು, ಆದರೆ ಯಾರೋ ಹಿಡಿದು ತಂದು ನಿಲ್ಲಿಸಿದಂತೆ ಹುಬ್ಬು ಗಂಟಿಕ್ಕಿಕೊಂಡು.

ಒಂದು ವರ್ಷ ಮಾಘದಲ್ಲಿ ಧರ್ಮಸ್ಥಳಕ್ಕೆ ಹೋಗಿ ಬಂದ ಮರುದಿನ ಸಾರ್ ಬೆಳಿಗ್ಗೆ ಸ್ಟುಡಿಯೋಗೆ ಬಂದರು. ಪಕ್ಕದ ಊರಲ್ಲಿ ಒಂದು ಮದುವೆ ಇತ್ತು, ಹೊರಡುವ ಅವಸರ. ಕ್ಯಾಮೆರಾದ ಕಾರ್ಡ್ ನನ್ನ ಮೇಜಿನ ಮೇಲಿಟ್ಟು, "ಲೈಟ್‌ಹೌಸ್‌ದು ಐತೆ. ಅದ್ರಲ್ಲೊಂದು ಬಾಳ ಚೆನ್ನಾಗಿ ಬಂದೈತೆ ಕಣಮ್ಮ. ಹುಷಾರಾಗಿ ನೋಡು. ಇಳಿಸ್ಕೊಂಡು ಕಾರ್ಡ್ ಖಾಲಿ ಮಾಡ್ಕೊಡು" ಎಂದರು. ಮುಖದಲ್ಲಿ ಏನೋ ಒಂದು ಖುಷಿ ಇತ್ತು. ಅದನ್ನು ಹೇಳಿಬಿಡಲು ನಾಚಿಕೆ ಪಡುವಂಥ ಖುಷಿ.

ಹುಷಾರಾಗಿ ನೋಡು ಅಂದರೆ ಚೆನ್ನಾಗಿ ಕ್ಲೀನ್ ಮಾಡು ಅಂತ ನಾನು ತಿಳಿದೆ.

ಆ ತಿಂಗಳು ಕ್ಯಾಮೆರಾದಲ್ಲಿ ಒಂದು ತೊಂದರೆ ಇತ್ತು. ನಾರಿನ ಕಾರ್ಖಾನೆಯೊಂದಕ್ಕೆ ಫೋಟೋ ತೆಗೆಯಲು ಹೋದಾಗ ಸಾರ್ ಅಲ್ಲೇ ಲೆನ್ಸ್ ಬದಲಾಯಿಸಿದ್ದರು. ಮಟ್ಟೆ ಕುಟ್ಟುವ ಜಾಗದ ಧೂಳು ಗೊತ್ತಲ್ಲ, ಹಾರಿ ಹೋಗಿ ಕ್ಯಾಮೆರಾದ ಒಳಗೆ ಕೂತಿತ್ತು. ಅದರಿಂದ ಪ್ರತಿ ಫೋಟೋದ ಮೇಲ್ಭಾಗದಲ್ಲೂ ಐದಾರು ಕಪ್ಪು ಚುಕ್ಕೆ ಬರುತ್ತಿದ್ದವು. ಬಿಳಿ ಗೋಡೆ ಅಥವಾ ಆಕಾಶ ಇದ್ದರಂತೂ ಎದ್ದು ಕಾಣುತ್ತಿದ್ದವು. ಒಂದು ತಿಂಗಳಿಂದ ಅವನ್ನು ಅಳಿಸಿ ಅಳಿಸಿ ನನ್ನ ಬೆರಳು ತಾನಾಗಿಯೇ ಆ ಕೆಲಸ ಮಾಡುತ್ತಿತ್ತು.

ಆವತ್ತು ಕಾರ್ಡಿನಲ್ಲಿ ದೀಪಸ್ತಂಭದ್ದು ಹನ್ನೊಂದೇ ಫೋಟೋ. ಸಾರ್ ರೀಲಿನ ಕಾಲದವರು, ಒಂದು ಜಾಗದಿಂದ ಒಂದೇ ಸಲ ಒತ್ತುವುದು. ಬಹಳ ದೂರ ಹೋಗಿ ತೆಗೆದ ಒಂದರಲ್ಲಿ ಆಕಾಶವೇ ಆಕಾಶ. ಎಂದಿನ ಚುಕ್ಕೆಗಳನ್ನು ಅಳಿಸಿದೆ. ದೀಪಸ್ತಂಭದ ಬಾಲ್ಕನಿಯ ಹತ್ತಿರ ಇನ್ನೊಂದು ಕಪ್ಪು ಚುಕ್ಕೆ ಉಳಿದಿತ್ತು. ದೊಡ್ಡದು ಮಾಡಿ ನೋಡಬಹುದಿತ್ತು. ನೋಡಲಿಲ್ಲ. ಒಂದು ಸಲ ಬ್ರಷ್ ಒತ್ತಿದೆ, ಹೋಯಿತು. ಮೊದಲಿನದನ್ನು ಉಳಿಸಿಕೊಳ್ಳದೆ ಅದೇ ಫೈಲಿನ ಮೇಲೆ ಸೇವ್ ಮಾಡಿ, ಕಾರ್ಡ್ ಖಾಲಿ ಮಾಡಿ, ಸಾರ್ ಕೈಗೆ ಕೊಟ್ಟೆ. ಎಷ್ಟು ಚೊಕ್ಕ ಆಯಿತು ಎಂದು ಒಳಗೇ ಹೆಮ್ಮೆಪಟ್ಟುಕೊಂಡೆ ಕೂಡ.

ಆಮೇಲೆ ಮದುವೆ ಮೇಲೆ ಮದುವೆ. ಅದು ಮುಗಿಯುವಷ್ಟರಲ್ಲಿ ಅಕ್ಕ ಹಾಸಿಗೆ ಹಿಡಿದರು. ಕಾಯಿಲೆ ಗೊತ್ತಾಗಿದ್ದೇ ತಡವಾಗಿ. ಸಾರ್ ಸ್ಟುಡಿಯೋಗೆ ಬಂದರೂ ನಿಲ್ಲದೆ ಆಸ್ಪತ್ರೆಗೆ ಓಡುತ್ತಿದ್ದರು. ದೀಪಸ್ತಂಭದ ಫೋಟೋ ನೋಡುವ ವ್ಯವಧಾನ ಯಾರಿಗಿತ್ತು... ಮುಂಗಾರು ಹಿಡಿಯುವ ಹೊತ್ತಿಗೆ ಅಕ್ಕ ಹೋದರು. ಮಗಳ ಮದುವೆಯ ಫೋಟೋದಿಂದ ಮುಖ ತೆಗೆದು, ಗಂಟಿಕ್ಕಿದ ಹುಬ್ಬನ್ನು ಸ್ವಲ್ಪ ಸಡಿಲಿಸಿ, ವಿಭೂತಿ ಕುಂಕುಮ ಇಟ್ಟು ಕೊಟ್ಟವಳೂ ನಾನೇ.

ಶಿವಗಣಾರಾಧನೆ ಕಳೆದ ಮೂರನೇ ದಿನ ಸಾರ್ ಬಂದು ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು.

"ಆ ಲೈಟ್‌ಹೌಸ್‌ದು ತೆಗಿಯಮ್ಮ. ದೂರದ್ದು. ನಿಮ್ಮಕ್ಕ ಅದ್ರಲ್ಲವ್ಳೆ."

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. ಪ್ರತಿ ವರ್ಷ ವ್ಯಾನಿನಲ್ಲೇ ಕೂತಿರುತ್ತಿದ್ದ ಅಕ್ಕ ಆ ಸಲ ಅದೇನನ್ನಿಸಿತೋ, ಮಂಡಿ ನೋವು ಇಟ್ಟುಕೊಂಡು ಮೆಟ್ಟಿಲೆಲ್ಲ ಹತ್ತಿ ಮೇಲೆ ಹೋದರಂತೆ. ಮೇಲಿಂದ ಫೋನ್ ಮಾಡಿ, "ರೀ, ಈಗ ತೆಗೀರಿ ನನ್ನ. ಅಷ್ಟು ದೂರದಿಂದ ಮುಖ ಕಾಣಲ್ಲ" ಅಂದರಂತೆ.

"ನಲ್ವತ್ತು ವರ್ಷದಲ್ಲಿ ತಾನಾಗೇ ತೆಗೀರಿ ಅಂದಿದ್ದು ಅದೊಂದೇ ಸಲ ಕಣಮ್ಮ" ಎಂದರು ಸಾರ್.

ಆ ಕಪ್ಪು ಚುಕ್ಕೆ, ನನ್ನ ಬ್ರಷ್ಷು, ನನ್ನ ಹೆಮ್ಮೆ ಎಲ್ಲ ಒಂದೇ ಸಲ ಕಣ್ಣಿಗೆ ಬಂತು. ಆ ಕ್ಷಣವೇ ಹೇಳಿಬಿಡಬೇಕಿತ್ತು. ನಾನು ಹೇಳಿದ್ದು, "ಸಾರ್, ಸಿಸ್ಟಮ್ ಸ್ಲೋ ಐತೆ. ನಾಳೆ ಪ್ರಿಂಟ್ ಹಾಕ್ಸಿ ಕೊಟ್ಬುಡ್ತೀನಿ" ಎಂದು. ಅವರು ಹೂಂ ಎಂದು ಎದ್ದು ಹೋದರು.

ಮಧ್ಯಾಹ್ನವೆಲ್ಲ ಹುಡುಕಿದೆ. ಅಳಿಸಿದ ಫೈಲುಗಳನ್ನು ಮರಳಿ ತರುವ ಸಾಫ್ಟ್‌ವೇರು ಹಾಕಿ ನೋಡಿದೆ. ಯಾರ್ಯಾರದೋ ನಾಮಕರಣ, ಯಾರ್ಯಾರದೋ ಗೃಹಪ್ರವೇಶ ಎಲ್ಲ ಎದ್ದು ಬಂದವು. ಅಕ್ಕ ಮಾತ್ರ ಬರಲಿಲ್ಲ. ಆ ಕಾರ್ಡಿನ ಮೇಲೆ ಅಷ್ಟರಲ್ಲಿ ಹತ್ತು ಮದುವೆ ಆಗಿಹೋಗಿದ್ದವು.

ಕೊನೆಗೆ ಮಾಡಬಾರದ್ದನ್ನು ಮಾಡಿದೆ. ಬ್ರಷ್ ಚಿಕ್ಕದು ಮಾಡಿಕೊಂಡು ಬಾಲ್ಕನಿಯಲ್ಲಿ ಒಂದು ಚುಕ್ಕೆ ಇಟ್ಟೆ. ಅಕ್ಕ ಹಬ್ಬಕ್ಕೆ ಉಡುತ್ತಿದ್ದ ಕುಂಕುಮ ಬಣ್ಣದ ಸೀರೆ ನೆನಪಾಯಿತು, ಕೆಂಪು ಹಾಕಿದೆ. ಎಲ್ಲಿ ಇಡಬೇಕು? ಮೊದಲು ಚುಕ್ಕೆ ಎಲ್ಲಿತ್ತು ಎನ್ನುವುದೂ ನನಗೆ ನೆನಪಿರಲಿಲ್ಲ. ಒರೆಸುವವಳಿಗೆ ಒರೆಸಿದ್ದು ಎಲ್ಲಿ ನೆನಪಿರುತ್ತದೆ. ಸಾರ್ ಕಲಿಸಿದ ಪಾಠದಂತೆ ಬಲಗಡೆಗೆ ಇಟ್ಟೆ. ಅಕ್ಕನ ಮುಂದೆ ಸಮುದ್ರವೆಲ್ಲ ಖಾಲಿ ಇರುವ ಹಾಗೆ, ಆ ಜಾಗವೆಲ್ಲ ಅವರದೇ ಆಗುವ ಹಾಗೆ. ನೋಡಲು ಬಹಳ ಚೆನ್ನಾಗಿ ಬಂತು. ಅದು ಇನ್ನೂ ನಾಚಿಕೆಯ ವಿಷಯ.

ಮರುದಿನ ಪ್ರಿಂಟ್ ನೋಡಿದಾಗ ಸಾರ್ ಡ್ರಾಯರಿನಿಂದ ಹಳೇ ಭೂತಗನ್ನಡಿ ತೆಗೆದರು. ರೀಲಿನ ಕಾಲದಲ್ಲಿ ನೆಗೆಟಿವ್ ನೋಡುತ್ತಿದ್ದ ಕನ್ನಡಿ. ಅದನ್ನು ಬಾಲ್ಕನಿಯ ಮೇಲಿಟ್ಟು ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ಆಮೇಲೆ ಕನ್ನಡಿ ಎತ್ತಿ, ಪಂಚೆಯ ಅಂಚಿನಿಂದ ಒರೆಸಿ, ಡ್ರಾಯರಿಗೆ ಹಾಕಿದರು.

"ಚೆನ್ನಾಗೈತೆ. ಲ್ಯಾಮಿನೇಷನ್ ಹಾಕ್ಸಮ್ಮ" ಎಂದರು.

ಬಚಾವಾದೆ ಅಂದುಕೊಂಡೆ. ಫೋಟೋ ಅವರ ಕುರ್ಚಿಯ ಎದುರು, ಕೈಗೆಟುಕುವ ಎತ್ತರದಲ್ಲಿ ಗೋಡೆಗೆ ಬಂತು. ಮೊದಮೊದಲು ಅದಕ್ಕೆ ಬೆನ್ನು ಮಾಡಿಯೇ ಕೂರುತ್ತಿದ್ದೆ. ಆದರೂ ದಿನ ಕಳೆದಂತೆ ಅದಕ್ಕೂ ಒಗ್ಗಿಕೊಂಡೆ.

ಒಂದು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ಇಬ್ಬರೂ ಕೆಲಸವಿಲ್ಲದೆ ಕೂತಿದ್ದೆವು. ಸಾರ್ ಫೋಟೋ ಕಡೆ ನೋಡುತ್ತಾ, ಯಾರಿಗೂ ಅಲ್ಲದ ಹಾಗೆ ಮಾತಾಡಿದರು.

"ಆವತ್ತು ಹಸಿರು ಸೀರೆ ಉಟ್ಟಿದ್ಲು. ಸಮುದ್ರದ ಕಡೆ ಹೋಗಿ ನಿಂತ್ಕೊಳೇ, ಚೆನ್ನಾಗಿ ಬತ್ತದೆ ಅಂತ ಫೋನಲ್ಲಿ ಬಡ್ಕೊಂಡೆ. ಕೇಳ್ಲಿಲ್ಲ. ನೀರು ನೋಡುದ್ರೆ ತಲೆ ಸುತ್ತುತ್ತೆ ಅಂತ ಈ ಕಡೆ, ಎಡಗಡೆ ನಿಂತ್ಲು. ಆ ಕಡೆ ಪೂರಾ ತೆಂಗಿನ್ ಮರ. ಅಷ್ಟು ದೂರ ಹೋಗಿ, ಅಷ್ಟು ಮೆಟ್ಲು ಹತ್ತಿ, ಅವ್ರ ತೋಟದಲ್ಲಿ ಕಾಯಿ ಎಂಗೈತೆ ಅಂತ ನೋಡ್ತಾ ನಿಂತವ್ಳೆ!"

ನಕ್ಕರು. ನಗು ಅರ್ಧಕ್ಕೆ ನಿಂತಿತು. ನನ್ನ ಕಡೆ ತಿರುಗಲಿಲ್ಲ. ತಿರುಗದೇ ಇದ್ದದ್ದು ನನಗೆ ಜಾಗ ಬಿಟ್ಟುಕೊಟ್ಟಂತೆ ಎಂದು ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ಸಾರ್, ತಪ್ಪಾಯಿತು ಎನ್ನಲು ಬಾಯಿ ತೆರೆದೆ.

"ಟೀ ತರ್ಲಾ ಸಾರ್?" ಎಂದೆ.

"ತತ್ತಾ, ಸಕ್ರೆ ಕಮ್ಮಿ" ಎಂದರು ಅವರು.

ಅದಾದ ಮೇಲೆ ಎರಡು ವರ್ಷ ಇದ್ದರು. ಆ ಮಾತು ಮತ್ತೆ ಎತ್ತಲಿಲ್ಲ, ನನ್ನ ಮೇಲೆ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ದೀಪಸ್ತಂಭಕ್ಕೆ ಮತ್ತೆ ಹೋಗಲೂ ಇಲ್ಲ. ಒಂದು ಬೆಳಿಗ್ಗೆ ತೋಟದಲ್ಲೇ ಕುಸಿದು ಹೋದರು. ಅವರ ಆರಾಧನೆಯ ಫೋಟೋ ಮಾಡಿದ್ದೂ ನಾನೇ. ಕೆನ್ನೆಯ ಮೇಲಿನ ಮಚ್ಚೆಯನ್ನೂ, ಶೇವಿಂಗ್‌ನಲ್ಲಿ ಆದ ಗಾಯವನ್ನೂ ಹಾಗೇ ಬಿಟ್ಟೆ. ಆಮೇಲೆ ನಾನು ಸ್ವಂತ ಅಂಗಡಿ ಹಾಕಿಕೊಂಡೆ, ಸ್ಟುಡಿಯೋ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಗೋಡೆಯ ಫೋಟೋ ಬಿಳಿಗೆರೆಗೆ ಹೋಗಿ, ಅಲ್ಲಿನ ಅಟ್ಟ ಸೇರಿತ್ತು.

ಬುಧವಾರ ಅದನ್ನು ಸ್ಕ್ಯಾನ್ ಮಾಡಿ ಕ್ಲೀನ್ ಮಾಡಲು ಕೂತೆ. ಆಕಾಶದ ಫಂಗಸ್ ಒಂದೊಂದಾಗಿ ತೆಗೆದೆ. ಈಗ ನಾನು ಪ್ರತಿ ಚುಕ್ಕೆಯನ್ನೂ ದೊಡ್ಡದು ಮಾಡಿ ನೋಡದೆ ಮುಟ್ಟುವುದಿಲ್ಲ. ಬಾಲ್ಕನಿಯ ಹತ್ತಿರ ಬಂದಾಗ ಕೆಂಪು ಚುಕ್ಕೆಯನ್ನು ಬಿಟ್ಟೆ. ಅದರ ಎಡಕ್ಕೆ, ಕಂಬಿಗೆ ಅಂಟಿದಂತೆ, ಬೆರಳ ತುದಿಯಷ್ಟಗಲ ಏನೋ ಬೆಳ್ಳಗೆ ಮಸುಕಾಗಿತ್ತು. ಫಂಗಸ್ ಹಾಗಿರುವುದಿಲ್ಲ. ಹಲಗೆಯನ್ನೇ ಎತ್ತಿ ಬಾಗಿಲ ಬೆಳಕಿಗೆ ಹಿಡಿದೆ. ಲ್ಯಾಮಿನೇಷನ್ನಿನ ತರಿತರಿ ಮೈ ಅಲ್ಲಿ ಮಾತ್ರ ಸವೆದು ನುಣ್ಣಗೆ ಹೊಳೆಯುತ್ತಿತ್ತು. ಎಣ್ಣೆ ಡಬ್ಬಿಯ ಮುಚ್ಚಳ ಕೈಯಾಡಿ ಆಡಿ ಹೊಳೆಯುತ್ತದಲ್ಲ, ಹಾಗೆ.

ಸಾರ್ ಮೂರು ವರ್ಷ ಅಲ್ಲಿ ಬೆರಳು ಇಟ್ಟಿದ್ದರು. ನಾನು ಬರೆದ ಚುಕ್ಕೆಯ ಮೇಲಲ್ಲ. ಅಕ್ಕ ನಿಂತಿದ್ದ ಜಾಗದ ಮೇಲೆ. ಬಹುಶಃ ಬೆಳಿಗ್ಗೆ, ನಾನು ಬಸ್ಸಿನಿಂದ ಇಳಿದು ಬರುವ ಮುಂಚೆ.

ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅತ್ತೆ.

ಗುರುವಾರ ಮಗಳು ಬಂದು ಸ್ಕ್ರೀನಿನ ಮುಂದೆ ನಿಂತಳು. "ಎಷ್ಟು ಚೆಂದ ಮಾಡೀರಲ್ಲಕ್ಕ!" ಎಂದಳು. ಆಮೇಲೆ ಹತ್ತಿರ ಬಗ್ಗಿ ಬೆರಳು ತೋರಿಸಿದಳು. "ಇಲ್ಲೊಂದು ಕೆಂಪು ಚುಕ್ಕೆ ಉಳ್ಕಂಡೈತೆ ನೋಡಿ. ಅದುನ್ನೂ ತೆಗ್ದುಬುಡಿ."

ಸ್ಟೂಲ್ ಎಳೆದು ಅವಳನ್ನು ಕೂರಿಸಿದೆ. ಕಪ್ಪು ಚುಕ್ಕೆಯಿಂದ ಹಿಡಿದು ಟೀ ತನಕ ಎಲ್ಲ ಹೇಳಿದೆ. ಏನನ್ನೂ ಒರೆಸಲಿಲ್ಲ. ಕೊನೆಗೆ ಹಲಗೆಯನ್ನು ಅವಳ ಕೈಗೆ ಕೊಟ್ಟು, ಓರೆಯಾಗಿ ಬೆಳಕಿಗೆ ಹಿಡಿ ಎಂದೆ. ಹಿಡಿದಳು. ನೋಡಿದಳು. ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ನುಣುಪು ಜಾಗದ ಮೇಲೆ ತನ್ನ ಬೆರಳಿಟ್ಟಳು.

"ನೀವು ಅಪ್ಪುಂಗೆ ಹೇಳ್ಬೋದಿತ್ತು ಕಣಕ್ಕ" ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

"ಹೂಂ ಕಣಮ್ಮ" ಎಂದೆ. ಕೇಳಿಸಿಕೊಳ್ಳಬೇಕಾದವರು ಕಾದು ಕಾದು ಹೋಗಿಯಾಗಿತ್ತು.

"ದೊಡ್ಡದು ಮಾಡೋದು ಬ್ಯಾಡ ಬುಡಿ. ಇದುನ್ನೇ ಹಾಕ್ಕೋತೀವಿ, ಹಿಂಗೇ" ಎಂದು ಹಲಗೆಯನ್ನು ಪಂಚೆಯಲ್ಲಿ ಸುತ್ತಿಕೊಂಡು, ಎದೆಗವುಚಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಅಂಗಡಿಯಲ್ಲಿ ಅಟ್ಟದ ವಾಸನೆ ಇನ್ನೂ ಇತ್ತು. ಸ್ಕ್ರೀನಿನ ಮೇಲೆ ಒಂದು ಕಲೆಯೂ ಇಲ್ಲದ ಆಕಾಶ. ಫೈಲ್ ಮುಚ್ಚಲು ಹೋದೆ. ಸೇವ್ ಮಾಡಬೇಕೇ ಎಂದು ಕಂಪ್ಯೂಟರ್ ಕೇಳಿತು.

ಬೇಡ ಎಂದು ಒತ್ತಿದೆ.